ನಿಪ್ಪಲ್ ಕೊಡಲೋ ಬೇಡವೋ? ಮೊದಲು ತಕ್ಕಡಿ ನೋಡಿ

ಪ್ರಶ್ನೆ: ನನಗೆ 27 ವರ್ಷ, ಇದು ಮೊದಲ ಬಾಣಂತನ. ತೀರ್ಥಹಳ್ಳಿ ಹತ್ತಿರದ ತವರುಮನೆಯಲ್ಲಿದ್ದೇನೆ. ಹೆಣ್ಣು ಮಗು, ಹುಟ್ಟಿದಾಗ 2.9 ಕೆಜಿ ಇದ್ದಳು. ಈಗ ಆರು ವಾರ ಆಗುತ್ತಾ ಬಂತು. ಹಗಲೆಲ್ಲ ಚೆನ್ನಾಗಿಯೇ ಇರುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾದರೆ ರಾತ್ರಿ ಹತ್ತರ ತನಕ ನಿಲ್ಲುವುದಿಲ್ಲ. ಎದೆಗೆ ಹಾಕಿಕೊಂಡರೆ ಸುಮ್ಮನಾಗುತ್ತಾಳೆ, ಬಿಡಿಸಿದರೆ ಮತ್ತೆ ಅಳು. ಒಂದೊಂದು ದಿನ ಒಂದೂವರೆ ಗಂಟೆ ಬಾಯಿಂದ ಬಿಡುವುದೇ ಇಲ್ಲ. ಕುಡಿಯುತ್ತಾಳೋ ಸುಮ್ನೆ ಚೀಪುತ್ತಾಳೋ ಗೊತ್ತಾಗುವುದಿಲ್ಲ. ಬೆಂಗಳೂರಿನ ಅಕ್ಕ ಬರುವಾಗ ಒಂದು ಪ್ಯಾಸಿಫೈಯರ್ (ಹಾಲಿಲ್ಲದೆ ಸುಮ್ನೆ ಚೀಪಲು ಕೊಡುವ ನಿಪ್ಪಲ್) ತಂದು, ಕೊಟ್ಟು ನೋಡು ಎಂದಳು. ಕೊಟ್ಟರೆ ಹಲ್ಲು ಉಬ್ಬುತ್ತದೆ, ಹೊಟ್ಟೆಗೆ ಗಾಳಿ ಹೋಗುತ್ತದೆ ಎನ್ನುತ್ತಾರೆ ಅಮ್ಮ. ತೋಟದ ಜೇನಿನಲ್ಲಿ ಅದ್ದಿ ಕೊಡು ಎನ್ನುತ್ತಾರೆ ಅಮ್ಮಮ್ಮ. ಮಗು ನಿದ್ದೆಯಲ್ಲಿ ತೀರಿಕೊಳ್ಳುವುದನ್ನು ಅದು ತಪ್ಪಿಸುತ್ತದಂತೆ ಎಂದು ನಮ್ಮೆಜಮಾನರು ಫೋನಿನಲ್ಲಿ ಓದಿ ಹೇಳಿದರು. ಊರಿನ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಬೇಡವೇ ಬೇಡ ಎಂದರು. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಜನರ ಅಭಿಪ್ರಾಯ ಇದೆ. ಮಗು ಹುಟ್ಟಿದಾಗಿನ ತೂಕ ಇದೆ. ಇವತ್ತಿನ ತೂಕ ಮಾತ್ರ ಇಲ್ಲ. ನಾನು ಮೊದಲು ಹುಡುಕಿದ್ದು ಅದನ್ನೇ.

ನಮ್ಮ ಕಡೆ ಪ್ಯಾಸಿಫೈಯರ್‌ಗೂ ನಿಪ್ಪಲ್ ಎನ್ನುತ್ತೇವೆ, ಹಾಲಿನ ಬಾಟಲಿಯ ತುದಿಗೂ ನಿಪ್ಪಲ್ ಎನ್ನುತ್ತೇವೆ. ಇಲ್ಲಿ ನಿಪ್ಪಲ್ ಎಂದಾಗಲೆಲ್ಲ ನಿಮ್ಮ ಅಕ್ಕ ತಂದದ್ದು ಎಂದುಕೊಳ್ಳಿ. ಅದು ಒಳ್ಳೆಯದಾ, ಕೆಟ್ಟದ್ದಾ ಎಂದು ಕೇಳಿದರೆ ಎಲ್ಲ ಮಕ್ಕಳಿಗೂ ಹೊಂದುವ ಉತ್ತರ ಇಲ್ಲ. ಹೊಟ್ಟೆ ತುಂಬಿದ ಮಗುವಿಗೆ ಅದೊಂದು ಆಟಿಕೆ. ಹೊಟ್ಟೆ ತುಂಬದ ಮಗುವಿಗೆ ಅದು ಬಾಟಲಿಗೆ ಹಾಕಿದ ಬಿರಡೆಯ ಹಾಗೆ. ಅಳು ನಿಲ್ಲುತ್ತದೆ, ಹಸಿವು ಒಳಗೇ ಉಳಿಯುತ್ತದೆ. ನಿಮ್ಮ ಮಗಳು ಇದರಲ್ಲಿ ಯಾವ ಕಡೆ ಇದ್ದಾಳೆ ಎಂದು ಗೊತ್ತಾಗದೆ ಹೌದು, ಬೇಡ ಎರಡೂ ಹೇಳಲಾರೆ.

ಲೆಕ್ಕ ಕಷ್ಟದ್ದಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ತೂಕ ಕಳೆದುಕೊಳ್ಳುತ್ತಾರೆ. ಹತ್ತು ಹದಿನಾಲ್ಕು ದಿನಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬರುತ್ತಾರೆ. ಅಲ್ಲಿಂದ ಮೂರು ತಿಂಗಳ ತನಕ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರಬೇಕು. ಎರಡನೇ ವಾರಕ್ಕೆ ನಿಮ್ಮ ಮಗಳು 2.9ಕ್ಕೆ ಬಂದಿದ್ದಳು ಎಂದುಕೊಂಡರೆ ಈಗ 3.6, 3.7 ಕೆಜಿಯ ಹತ್ತಿರ ಇರಬೇಕು. ನೂರು ಗ್ರಾಂ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 3.2 ಎಂದು ತೋರಿಸಿದರೆ ಮಾತ್ರ ನಿಪ್ಪಲ್ ಮಾತು ಪಕ್ಕಕ್ಕಿಡಿ. ಮಗು ಹೇಗೆ ಕುಡಿಯುತ್ತಿದೆ ಎಂದು ತಿಳಿದವರೊಬ್ಬರು ಎದುರು ಕೂತು ನೋಡಬೇಕು.

ಆರನೇ ವಾರದ ಚುಚ್ಚುಮದ್ದು ಹೇಗೂ ಬಂತಲ್ವಾ. ಅಲ್ಲಿ ತಕ್ಕಡಿ ಇರುತ್ತದೆ. ಬಟ್ಟೆ ಬಿಚ್ಚಿಸಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಚಳಿ ಎಂದು ಸ್ವೆಟರ್, ಕುಲಾವಿ, ಮೇಲೊಂದು ಶಾಲು ಸುತ್ತಿಯೇ ತಕ್ಕಡಿಗೆ ಹಾಕುವವರನ್ನು ದಿನಾ ನೋಡುತ್ತೇನೆ. ಆಗ ಉಣ್ಣೆಯ ತೂಕವೂ ಮಗುವಿನ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿಯ ತನಕ ಮನೆಯಲ್ಲೇ ನೋಡಬಹುದಾದ ಗುರುತು ಉಚ್ಚೆ. ಇಡೀ ದಿನದಲ್ಲಿ ಆರು ಸಲವಾದರೂ, ತಿಳಿ ಬಣ್ಣದಲ್ಲಿ ಹೋಗುತ್ತಿದ್ದರೆ ಹಾಲು ಒಳಗೆ ಹೋಗುತ್ತಿದೆ ಎಂದರ್ಥ.

ಇನ್ನು ಸಂಜೆಯ ಅಳು. ಇದಕ್ಕೆ ನಮ್ಮ ಮನೆಗಳಲ್ಲಿ ದೃಷ್ಟಿ ಎಂಬ ಹೆಸರಿದೆ. ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಮೆಣಸಿನಕಾಯಿಯನ್ನು ಮಗು ಮಲಗಿರುವ ಕೋಣೆಯಲ್ಲಿ ಸುಡಬೇಡಿ, ಅಷ್ಟೇ. ವಿಷಯ ಏನೆಂದರೆ, ಆರೋಗ್ಯವಾಗಿರುವ ಮಕ್ಕಳ ಅಳು ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಆಗ ದಿನಕ್ಕೆ ಎರಡು ಮೂರು ಗಂಟೆ ಅಳುವುದು ಮಾಮೂಲು. ಹೆಚ್ಚಿನ ಅಳು ಸಂಜೆಯ ಮೇಲೇ. ಮೂರು, ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ನೀವೀಗ ಗುಡ್ಡದ ನೆತ್ತಿಯಲ್ಲಿದ್ದೀರಿ, ಇಲ್ಲಿಂದ ಇಳಿಜಾರು.

ಅದೇ ಹೊತ್ತಿಗೆ ಮಕ್ಕಳು ಗಂಟೆಗಟ್ಟಲೆ ಎದೆ ಬಿಡದೆ ಕುಡಿಯುವುದೂ ಉಂಟು. ಹಾಲು ಸಾಕಾಗುತ್ತಿಲ್ಲ ಎಂದು ಮನೆಯವರಿಗೆ ಅನುಮಾನ ಬರುವುದು ಆಗಲೇ. ನಿಜಕ್ಕೂ ನಡೆಯುವುದು ಬೇರೆ. ಮಗು ಎಷ್ಟು ಖಾಲಿ ಮಾಡುತ್ತದೋ ಅಷ್ಟು ಹಾಲು ಊರುತ್ತದೆ. ಬೆಳೆಯುತ್ತಿರುವ ಮಗು ನಾಳೆಗೆ ಜಾಸ್ತಿ ಬೇಕು ಎಂದು ಇವತ್ತೇ ಹೇಳಿ ಇಡುತ್ತಿರುತ್ತದೆ. ಆ ಹೊತ್ತಿನಲ್ಲೇ ದಿನಾ ನಿಪ್ಪಲ್ ಇಟ್ಟರೆ ಹೇಳಿದ ಮಾತು ಎದೆಗೆ ತಲುಪುವುದೇ ಇಲ್ಲ.

ಕುಡಿಯುತ್ತಾಳೋ ಚೀಪುತ್ತಾಳೋ ಎಂದು ಕೇಳಿದಿರಿ. ಕಿವಿಯ ಮುಂದಿನ ಭಾಗವನ್ನೇ ನೋಡುತ್ತಿರಿ. ಹಾಲು ಕುಡಿಯುವಾಗ ದವಡೆ ಪೂರ್ತಿ ಕೆಳಗಿಳಿಯುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಗುಟುಕು ಎಂದು ನುಂಗುವ ಸದ್ದು ಕೇಳುತ್ತದೆ. ಕಿವಿಯ ಬುಡದ ತನಕ ಅಲುಗಾಡುವುದು ಕಾಣುತ್ತದೆ. ಸುಮ್ನೆ ಚೀಪುವಾಗ ಗಲ್ಲದ ತುದಿ ಮಾತ್ರ ಪಟಪಟ ಅದುರುತ್ತದೆ, ನುಂಗುವ ಸದ್ದಿಲ್ಲ. ಒಂದೂವರೆ ಗಂಟೆಯಲ್ಲಿ ಎರಡೂ ಬಂದು ಹೋಗುತ್ತಿರುತ್ತವೆ. ಎರಡು ದಿನ ಗಮನಿಸಿದರೆ ನಿಮಗೇ ಗೊತ್ತಾಗುತ್ತದೆ.

ಸುಮ್ನೆ ಚೀಪುವುದೂ ತಪ್ಪೇನಲ್ಲ. ಚೀಪುವುದನ್ನು ಮಕ್ಕಳು ಹೊಟ್ಟೆಯೊಳಗೇ ಕಲಿತು ಬರುತ್ತಾರೆ. ಸ್ಕ್ಯಾನಿಂಗ್ ಮಾಡುವಾಗ ಹೆಬ್ಬೆರಳು ಬಾಯಲ್ಲಿಟ್ಟುಕೊಂಡಿರುವ ಮಗುವನ್ನು ಎಷ್ಟೋ ತಾಯಂದಿರು ನೋಡಿರುತ್ತಾರೆ. ಚೀಪಿದರೆ ಮಗುವಿನ ಮೈ ಸಡಿಲವಾಗುತ್ತದೆ, ನೋವೂ ಕಡಿಮೆ ಅನ್ನಿಸುತ್ತದೆ. ದಿನ ತುಂಬದೆ ಹುಟ್ಟಿ, ನಳಿಕೆಯಲ್ಲಿ ಹಾಲು ಪಡೆಯುತ್ತಿರುವ ಮಕ್ಕಳಿಗೆ ನಾವೇ ಆಸ್ಪತ್ರೆಯಲ್ಲಿ ನಿಪ್ಪಲ್ ಚೀಪಿಸುತ್ತೇವೆ. ಅಂಥ ಮಕ್ಕಳು ಬಾಯಿಂದ ಕುಡಿಯುವುದನ್ನು ಬೇಗ ಕಲಿತು ಬೇಗ ಮನೆಗೆ ಹೋಗುತ್ತವೆ. ಅಂದರೆ ನಿಪ್ಪಲ್ ವಿಷವೇನೂ ಅಲ್ಲ.

ಹಾಗಾದರೆ ತಕ್ಕಡಿಯ ಬಗ್ಗೆ ಇಷ್ಟೇಕೆ ಹಠ ಎಂದರೆ, ಒಂದು ಅಡಿಕೆ ಕೊಯ್ಲಿನ ಕಾಲದ ಕಥೆ ಹೇಳುತ್ತೇನೆ. ಮೂರು ತಿಂಗಳ ಗಂಡು ಮಗು. ಕೆಮ್ಮು ಎಂದು ಕರೆತಂದಿದ್ದರು. ಕೊರಳಲ್ಲಿ ಕರಿದಾರ, ದಾರದ ತುದಿಯಲ್ಲಿ ನೀಲಿ ಬಣ್ಣದ ನಿಪ್ಪಲ್. "ತುಂಬಾ ಪಾಪದ ಮಗು ಡಾಕ್ಟ್ರೇ, ಅಳೋದೇ ಇಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ತಕ್ಕಡಿಯಲ್ಲಿ 3.8 ಕೆಜಿ. ಹುಟ್ಟಿದಾಗ 3 ಇತ್ತಂತೆ. ಮೂರು ತಿಂಗಳಿಗೆ 5ರ ಹತ್ತಿರ ಇರಬೇಕಾದ ಮಗು. ನಾನು ನಿಪ್ಪಲ್ ತೆಗೆದೆ. ಅಳಲಿಲ್ಲ. ಬಾಯಿ ತೆರೆದು ತಲೆಯನ್ನು ಆ ಕಡೆ ಈ ಕಡೆ ಆಡಿಸಿ, ಕೊನೆಗೆ ನನ್ನ ಕೋಟಿನ ತೋಳು ಸಿಕ್ಕಿದ್ದೇ ಅದನ್ನೇ ಚೀಪಲು ಶುರು ಮಾಡಿತು.

ಮನೆ ತುಂಬಾ ಕೊನೆಗಾರರು, ಸುಲಿಯುವವರು. ದಿನಾ ಇಪ್ಪತ್ತೈದು ಜನರ ಅಡುಗೆ. ತಾಯಿ ಒಲೆಯ ಮುಂದೆ. ಮಗು ಕುಂಯ್ ಎಂದರೆ ಪಕ್ಕದಲ್ಲಿ ಇದ್ದವರು ನಿಪ್ಪಲ್ ಇಡುತ್ತಿದ್ದರು. ದಿನಕ್ಕೆ ಎಂಟು ಹತ್ತು ಸಲ ಕುಡಿಯಬೇಕಾದ ಮಗು ನಾಲ್ಕೈದು ಸಲ ಕುಡಿಯುತ್ತಿತ್ತು. ಕುಡಿಯುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆವತ್ತು ನಾನು ಎಲ್ಲರೆದುರು ಆ ತಾಯಿಗೆ ಗದರಿದೆ. ಅದು ನನ್ನದೇ ತಪ್ಪು. ವಾರ ಬಿಟ್ಟು ಬರಬೇಕಾದವರು ತಿಂಗಳು ಬರಲಿಲ್ಲ. ಬಂದಾಗ ಈ ಸಲ ಅಜ್ಜಿಯನ್ನು ಕೂರಿಸಿಕೊಂಡು, ಅಡುಗೆಗೆ ಬೇರೆಯವರನ್ನು ನೋಡಿ, ಸೊಸೆಯನ್ನು ಮಗುವಿನ ಹತ್ತಿರ ಬಿಡಿ ಎಂದೆ. ಮಗು ದಪ್ಪ ಆಯಿತು. ಕರಿದಾರ ಮಾತ್ರ ನಾನೇ ಕತ್ತರಿಸಿದ್ದೆ. ನಿಪ್ಪಲ್ ಕಟ್ಟಿದ ದಾರ ನಿದ್ದೆಯಲ್ಲಿ ಕುತ್ತಿಗೆಗೆ ಉರುಳಾಗಬಹುದು. ಆ ವಿಷಯದಲ್ಲಿ ನಾನು ಈಗಲೂ ಗದರುತ್ತೇನೆ.

ಹಾಗಾಗಿ ನಿಮ್ಮ ಆಶಾ ಅಕ್ಕ ಬೇಡವೇ ಬೇಡ ಎಂದದ್ದು ಸುಮ್ನೆ ಅಲ್ಲ. ಎದೆಹಾಲನ್ನು ಕಾಪಾಡಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 1989ರಲ್ಲಿ ಆಸ್ಪತ್ರೆಗಳಿಗೆ ಹತ್ತು ಸೂತ್ರ ಹಾಕಿಕೊಟ್ಟವು. ಎದೆಹಾಲು ಕುಡಿಯುವ ಮಕ್ಕಳಿಗೆ ನಿಪ್ಪಲ್ ಕೊಡಲೇಬಾರದು ಎಂಬುದು ಅದರಲ್ಲಿ ಒಂದು. ಬಹಳಷ್ಟು ಜನ ಕಲಿತದ್ದು ಆ ಪಾಠವನ್ನೇ. 2018ರಲ್ಲಿ ಆ ಸಾಲನ್ನು ತಿದ್ದಿದರು. ಈಗ ಅದು, ಬಾಟಲಿ ಮತ್ತು ನಿಪ್ಪಲ್ ಬಳಕೆಯ ಬಗ್ಗೆ, ಅದರ ಅಪಾಯದ ಬಗ್ಗೆ ತಾಯಿಗೆ ತಿಳಿಸಿ ಹೇಳಿ ಎನ್ನುತ್ತದೆ. ಅಂದರೆ ತೀರ್ಮಾನ ತಾಯಿಯದು. ಎದೆಹಾಲು ಕೊಡಲೇಬೇಕೆಂದು ಮನಸ್ಸು ಮಾಡಿದ ತಾಯಂದಿರ ಮೇಲೆ ನಡೆದ ಅಧ್ಯಯನಗಳಲ್ಲಿ, ನಿಪ್ಪಲ್ ಕೊಟ್ಟರೂ ಬಿಟ್ಟರೂ ನಾಲ್ಕು ತಿಂಗಳ ತನಕ ಎದೆಹಾಲಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಎದೆಹಾಲು ಬೇಗ ಬಿಡಿಸಿದ ಮನೆಗಳಲ್ಲಿ ನಿಪ್ಪಲ್ ಹೆಚ್ಚಾಗಿ ಸಿಗುತ್ತದೆ ಎಂಬುದೂ ನಿಜವೇ. ನಿಪ್ಪಲ್‌ನಿಂದ ಹಾಲು ಬಿಟ್ಟರೋ, ಹಾಲಿಗೆ ತೊಂದರೆ ಇದ್ದದ್ದರಿಂದ ನಿಪ್ಪಲ್ ಬಂತೋ ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ. ಮೊದಲ ಮೂರು ನಾಲ್ಕು ವಾರ ಮಾತ್ರ ನಾನೂ ಆಶಾ ಅಕ್ಕನ ಪಕ್ಷ. ಎದೆ ಕಚ್ಚುವುದನ್ನು ಇನ್ನೂ ಕಲಿಯುತ್ತಿರುವ ಬಾಯಿಗೆ ಬೇರೆ ಆಕಾರದ ವಸ್ತು ಬೇಡ. ನಿಮ್ಮ ಮಗಳು ಆ ಗಡಿ ದಾಟಿದ್ದಾಳೆ.

ನಿಮ್ಮೆಜಮಾನರು ಓದಿದ್ದೂ ಸುಳ್ಳಲ್ಲ. ಏನೂ ಕಾಯಿಲೆ ಇಲ್ಲದ ಮಗು ನಿದ್ದೆಯಲ್ಲೇ ತೀರಿಕೊಳ್ಳುವುದು ಅಪರೂಪಕ್ಕೆ ನಡೆಯುತ್ತದೆ. ಮಲಗಿಸುವಾಗ ನಿಪ್ಪಲ್ ಕೊಟ್ಟ ಮಕ್ಕಳಲ್ಲಿ ಅದು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಯಾಕೆ ಎಂಬುದು ಇನ್ನೂ ಸ್ಪಷ್ಟವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಅದನ್ನೇ ಹಿಡಿದು, ಎದೆಹಾಲು ಸರಿಯಾಗಿ ನೆಲೆಯಾದ ಮೇಲೆ ಮಲಗುವ ಹೊತ್ತಿಗೆ ನಿಪ್ಪಲ್ ಕೊಡಬಹುದು ಎನ್ನುತ್ತದೆ. ಆದರೆ ಅದಕ್ಕಿಂತ ದೊಡ್ಡ ರಕ್ಷಣೆ ದುಡ್ಡಿಲ್ಲದೆ ಸಿಗುತ್ತದೆ. ಮಗುವನ್ನು ಅಂಗಾತ ಮಲಗಿಸುವುದು. ಅಮೆರಿಕದಲ್ಲಿ 1990ರ ದಶಕದಲ್ಲಿ ಅಂಗಾತ ಮಲಗಿಸಿ ಎಂದು ಮನೆಮನೆಗೆ ಹೇಳಿದ ಮೇಲೆ ಇಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಎದೆಹಾಲೂ ಇದಕ್ಕೆ ರಕ್ಷಣೆಯೇ, ಅದು ನಿಮ್ಮಲ್ಲಿ ಈಗಾಗಲೇ ಇದೆ.

ಹಾಗಾಗಿ ನಿಮ್ಮೆಜಮಾನರಿಗೆ ಒಂದು ಕೆಲಸ ಹೇಳಿ. ಬಾಣಂತಿ ಕೋಣೆಗೆ ಒಂದು ಸುತ್ತು ಬರಲಿ. ತಲೆ ದುಂಡಗಾಗಲಿ ಎಂದು ಇಟ್ಟ ಸಾಸಿವೆ ದಿಂಬು, ಮುಖದ ಹತ್ತಿರ ಬರುವ ಕಂಬಳಿ, ಮಗುವಿನ ಸುತ್ತ ಒತ್ತಿಟ್ಟ ಮೆತ್ತೆ, ಇವನ್ನು ತೆಗೆಯಲಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅಂಗಳದಾಚೆ ಸೇದಲಿ. ಕೋಣೆ ಬಾಗಿಲು ಮುಚ್ಚಿ ಒಳಗೆ ಕೆಂಡ ಇಡುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಲಿ. ವಾಸನೆಯೇ ಇಲ್ಲದ ಅದರ ವಿಷಗಾಳಿ ಮಗುವನ್ನೂ ತಾಯಿಯನ್ನೂ ಮಲಗಿದಲ್ಲೇ ಮುಗಿಸಬಹುದು. ಇದು ಆದ ಮೇಲೆ ನಿಪ್ಪಲ್‌ನಿಂದ ಸಿಗುವ ಲಾಭದ ಮಾತು.

ಅಮ್ಮನ ಹಲ್ಲಿನ ಹೆದರಿಕೆಗೆ ಬರೋಣ. ಆರು ವಾರದ ಮಗುವಿಗೆ ಹಲ್ಲೇ ಇಲ್ಲ. ಎರಡು, ಎರಡೂವರೆ ವರ್ಷದೊಳಗೆ ಬಿಟ್ಟರೆ ಸ್ವಲ್ಪ ಮುಂದೆ ಬಂದ ಹಾಲುಹಲ್ಲೂ ಬಹಳ ಸಲ ತಾನೇ ಸರಿಯಾಗುತ್ತದೆ. ಮೂರು ದಾಟಿಯೂ ಹಗಲು ರಾತ್ರಿ ಚೀಪುವ ಮಗುವಿಗೆ ಮುಂದಿನ ಹಲ್ಲುಗಳ ನಡುವೆ ಕಿಂಡಿ ಉಳಿಯುತ್ತದೆ, ಮೇಲಿನ ದವಡೆ ಕಿರಿದಾಗುತ್ತದೆ. ಅಮ್ಮ ನೋಡಿರುವುದು ಅಂಥ ಮಕ್ಕಳನ್ನೇ ಇರಬೇಕು. ಗಾಳಿಯ ವಿಷಯಕ್ಕೆ ಜಾಸ್ತಿ ಹೇಳುವುದೇನಿಲ್ಲ. ಒಂದು ಗಂಟೆ ಬಾಯಿ ತೆರೆದು ಅತ್ತರೂ ಮಗು ಗಾಳಿ ನುಂಗುತ್ತದೆ. ಹೆಗಲ ಮೇಲೆ ಹಾಕಿಕೊಂಡು ತೇಗು ತೆಗೆಸಿ. ಮಾತು ತಡವಾಗುತ್ತದೆ ಎಂದು ನಾಳೆ ಇನ್ಯಾರಾದರೂ ಹೇಳುತ್ತಾರೆ. ಬಾಯಿ ತುಂಬಾ ರಬ್ಬರ್ ಇಟ್ಟುಕೊಂಡ ಮಗು ತೊದಲುವುದಾದರೂ ಹೇಗೆ? ಎಚ್ಚರವಿದ್ದಾಗ ಬಾಯಿ ಖಾಲಿ ಇರಲಿ, ಅಷ್ಟು ಸಾಕು.

ಬೆರಳು ಚೀಪಿದರೆ ಪರವಾಗಿಲ್ಲ, ನಿಪ್ಪಲ್ ಬೇಡ ಎನ್ನುವವರಿಗೆ ನಮ್ಮ ಮನೆಯ ಉದಾಹರಣೆ ಇದೆ. ನನ್ನ ದೊಡ್ಡವಳಿಗೆ ಹಠ ಹಿಡಿದು ನಿಪ್ಪಲ್ ಕೊಡಲಿಲ್ಲ. ಹೆಬ್ಬೆರಳು ಹಿಡಿದಳು, ಎರಡನೇ ಕ್ಲಾಸಿನ ತನಕ ಬಿಡಲಿಲ್ಲ. ಆಮೇಲೆ ಹಲ್ಲಿಗೆ ತಂತಿ ಕಟ್ಟಿಸಿದ್ದಾಯಿತು. ಚಿಕ್ಕವನಿಗೆ ಕೊಟ್ಟೆ. ಒಂದೂವರೆ ವರ್ಷಕ್ಕೆ ಅದು ಸಾಗರದ ಬಸ್ಸಿನಲ್ಲಿ ಬಿದ್ದುಹೋಯಿತು. ಎರಡು ರಾತ್ರಿ ಅತ್ತ, ಮೂರನೇ ದಿನ ಮರೆತ. ನಿಪ್ಪಲ್ ಕಳೆದುಹೋಗಬಹುದು, ಬೆರಳು ಕಳೆಯುವುದಿಲ್ಲ. ಎರಡೇ ಮಕ್ಕಳ ಲೆಕ್ಕ ಇದು, ಶಾಸ್ತ್ರ ಎಂದುಕೊಳ್ಳಬೇಡಿ.

ನನಗೆ ನಿಜವಾಗಿ ಭಯವಾದದ್ದು ಅಮ್ಮಮ್ಮನ ಮಾತಿಗೆ. ಜೇನು ಬೇಡ. ಒಂದು ವರ್ಷ ತುಂಬುವ ತನಕ ತುದಿ ನಾಲಿಗೆಗೂ ಬೇಡ. ಅಮ್ಮಮ್ಮ ಏನು ಹೇಳುತ್ತಾರೆ ಎಂದು ನನಗೆ ಗೊತ್ತು. "ಇದು ಅಂಗಡಿ ಜೇನಲ್ಲ, ನಮ್ಮ ತೋಟದ ತುಡುವೆ. ಕಲಬೆರಕೆ ಇಲ್ಲ." ಕಲಬೆರಕೆಯ ಪ್ರಶ್ನೆಯೇ ಇಲ್ಲಿಲ್ಲ. ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರೀಡಿಯಂ ಬೊಟುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುತ್ತವೆ. ಅವು ಎಷ್ಟೇ ಶುದ್ಧ ಜೇನಿಗೂ ಸೇರಬಹುದು. ದೊಡ್ಡವರ ಕರುಳಿನಲ್ಲಿ ಅವು ಏನೂ ಮಾಡಲಾರವು. ಪುಟ್ಟ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಅಳು ಕ್ಷೀಣವಾಗುತ್ತದೆ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಿಗೂ ತೊಂದರೆ. ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ ಎಂಬುದು ನಿಜ. "ನಿನ್ನಮ್ಮನಿಗೂ ನೆಕ್ಕಿಸಿದ್ದೆ, ಏನಾಯ್ತು?" ಎಂದು ಅಮ್ಮಮ್ಮ ಕೇಳಿದರೆ ವಾದ ಮಾಡಬೇಡಿ. ಡಾಕ್ಟರು ವರ್ಷ ತುಂಬಿದ ಮೇಲೆ ಕೊಡಿ ಎಂದಿದ್ದಾರೆ ಎಂದು ನನ್ನ ಮೇಲೆ ಹಾಕಿ.

ಸಕ್ಕರೆ, ಬೆಲ್ಲದ ನೀರು, ಗ್ರೈಪ್ ವಾಟರ್ ಹಚ್ಚುವುದೂ ಬೇಡ. ಕೈಗೆ ಕಟ್ಟಿದ ಬಜೆಯನ್ನು ಚೀಪಲು ಬಿಡುವುದೂ ಬೇಡ. ಬಾಟಲಿಯ ನಿಪ್ಪಲ್ ಒಳಗೆ ಹತ್ತಿ ತುರುಕಿ ಚೀಪಿಸುತ್ತಾರೆ, ಅದಂತೂ ಬೇಡವೇ ಬೇಡ. ಹತ್ತಿ ಗಂಟಲಿಗೆ ಸಿಕ್ಕಿದರೆ ಆಸ್ಪತ್ರೆ ತಲುಪುವಷ್ಟು ಹೊತ್ತು ಸಿಗುವುದಿಲ್ಲ.

ತೂಕ ಸರಿ ಇದೆ ಎಂದಾದರೆ ನಿಮಗೆ ಎರಡು ದಾರಿ ಇದೆ.

ಒಂದು, ನಿಪ್ಪಲ್ ಇಲ್ಲದೆಯೇ ಈ ಒಂದೆರಡು ತಿಂಗಳು ದಾಟುವುದು. ಇದರಲ್ಲಿ ಮಗುವಿಗೆ ಯಾವ ಅಪಾಯವೂ ಇಲ್ಲ. ದಣಿಯುವವರು ನೀವು. ಹಾಗಾಗಿ ಹಂಚಿಕೊಳ್ಳಿ. ಎದೆಗೆ ಹಾಕಿ, ಹೊಟ್ಟೆ ತುಂಬಿಸಿ, ಆಮೇಲೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡಿ. ಜಗಲಿಯಲ್ಲಿ ಎತ್ತಿಕೊಂಡು ಓಡಾಡುವುದು, ತೊಟ್ಟಿಲು ತೂಗುವುದು, ಬರಿ ಎದೆಗೆ ಅವಚಿಕೊಂಡು ಕೂರುವುದು ಅಜ್ಜನಿಗೂ ಬರುತ್ತದೆ. ಹೆಂಚಿನ ಮೇಲೆ ಒಂದೇ ಸಮನೆ ಮಳೆ ಸುರಿಯುವ ಸದ್ದಿಗೆ ಎಷ್ಟೋ ಮಕ್ಕಳು ತಣ್ಣಗಾಗುತ್ತವೆ. ಈಗಿನವರು ಅದನ್ನೇ ಫೋನಿನಲ್ಲಿ ಹಾಕಿ ಕೇಳಿಸುತ್ತಾರೆ. ಉಗುರು ತೆಗೆದು, ಸೋಪಿನಲ್ಲಿ ತೊಳೆದ ಕಿರುಬೆರಳನ್ನು ಸ್ವಲ್ಪ ಹೊತ್ತು ಚೀಪಿಸಿದರೂ ಆಗುತ್ತದೆ. ನೀವೂ ಬಾಯಾರಿಕೆ ಆದಾಗಲೆಲ್ಲ ನೀರು ಕುಡಿಯಿರಿ. ಬಾಣಂತಿಗೆ ನೀರು ಕೊಡಬಾರದು ಎಂಬ ಪಥ್ಯ ನಮ್ಮ ಕಡೆ ಇನ್ನೂ ಇದೆ, ಅದಕ್ಕೆ ಅರ್ಥವಿಲ್ಲ. ಅಳು ಕೇಳಿ ತಲೆ ಸಿಡಿಯುವ ಹಾಗಾದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಅಂಗಳಕ್ಕೆ ಹೋಗಿ ಬನ್ನಿ. ಯಾವ ಕಾರಣಕ್ಕೂ ಹಿಡಿದು ಅಲುಗಾಡಿಸಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ಇನ್ನೊಂದು, ನಿಪ್ಪಲ್ ಕೊಡುವುದು, ಆದರೆ ಅಳತೆಯಲ್ಲಿ. ಎದೆಹಾಲು ಕುಡಿದು ಮುಗಿದು, ಉಚ್ಚೆ, ಬಟ್ಟೆ ಎಲ್ಲ ನೋಡಿ ಆದ ಮೇಲೆ, ನಿದ್ದೆಗೆ ಜಾರುವ ಹೊತ್ತಿಗೆ. ಕೈ ಬಾಯಿಗೆ ಒಯ್ಯುವುದು, ನಾಲಿಗೆ ಚಾಚುವುದು, ತಲೆ ಆಡಿಸಿ ಹುಡುಕುವುದು ಹಸಿವಿನ ಗುರುತುಗಳು. ಅದು ಕಂಡರೆ ನಿಪ್ಪಲ್ ಅಲ್ಲ, ಎದೆ. ಉಗುಳಿದರೆ ಬಲವಂತ ಬೇಡ, ಎಷ್ಟೋ ಮಕ್ಕಳಿಗೆ ಅದು ಇಷ್ಟವೇ ಆಗುವುದಿಲ್ಲ. ನಿದ್ದೆ ಹತ್ತಿದ ಮೇಲೆ ಬಾಯಿಂದ ಬಿದ್ದರೆ ಎದ್ದು ಹೋಗಿ ಮತ್ತೆ ಇಡುವ ಅಗತ್ಯವೂ ಇಲ್ಲ. ಕೊಡಲು ಶುರು ಮಾಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ತೂಗಿಸಿ. ಏರಿಕೆ ನಿಂತರೆ ನಿಪ್ಪಲ್ ಮೊದಲು ಹೊರಗೆ.

ಅಕ್ಕ ತಂದದ್ದನ್ನು ಕೈಯಲ್ಲಿ ಹಿಡಿದು ನೋಡಿ. ಇಡೀ ವಸ್ತು ಒಂದೇ ಎರಕದ್ದಾಗಿರಬೇಕು, ತುಂಡು ಸೇರಿಸಿದ್ದಾಗಿರಬಾರದು. ಹಿಂದಿನ ಬಿಲ್ಲೆ ಮಗುವಿನ ಬಾಯಿಗಿಂತ ಅಗಲ ಇರಬೇಕು, ಅದರಲ್ಲಿ ಗಾಳಿಯಾಡುವ ತೂತುಗಳಿರಬೇಕು. ಸಿಲಿಕೋನ್ ಆದರೆ ಒಳ್ಳೆಯದು, ಕುದಿಸಿದರೂ ಬಾಳುತ್ತದೆ. ದಿನಾ ಎಳೆದು ನೋಡಿ. ಬಿರುಕು, ಅಂಟು, ಬಣ್ಣಗೆಟ್ಟ ಜಾಗ ಕಂಡರೆ ಎಸೆಯಿರಿ. ದಾರ ಬೇಡ ಎಂದು ಆಗಲೇ ಹೇಳಿದೆ.

ತೊಳೆಯುವುದು ನಮ್ಮ ಊರಲ್ಲಿ ಬೇರೆಯದೇ ಪಾಠ. ಆರು ತಿಂಗಳ ತನಕ ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿ, ಬೆಲ್ಟ್‌ಗೂ ಬೂಷ್ಟು ಬರುತ್ತದೆ. ಒದ್ದೆ ನಿಪ್ಪಲ್ಲನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೆ ಕಪ್ಪು ಚುಕ್ಕೆ ಏಳುತ್ತದೆ. ನೀರು ಪೂರ್ತಿ ಜಾಡಿಸಿ, ಒಗೆದ ಬಟ್ಟೆಯ ಮೇಲೆ ಒಣಗಿಸಿ, ಆಮೇಲೆ ಮುಚ್ಚಿಡಿ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಮಗುವಿನ ಬಟ್ಟೆ ಜೊತೆ ಹಾಕಬೇಡಿ, ಹೊಗೆ ಹಿಡಿಯುತ್ತದೆ. ಎರಡು ಮೂರು ಇಟ್ಟುಕೊಂಡರೆ ಅವಸರ ಇರುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಸೆರಗಿಗೆ ಒರೆಸಿ ಕೊಡುವುದು ಬೇಡ. ದೊಡ್ಡವರು ಬಾಯಲ್ಲಿ ಚೀಪಿ ಕೊಡುವುದೂ ಬೇಡ. ಒಮ್ಮೆ ನನ್ನೆದುರೇ ಅಜ್ಜಿಯೊಬ್ಬರು ಕೆಳಗೆ ಬಿದ್ದ ನಿಪ್ಪಲ್ಲನ್ನು ತಮ್ಮ ಬಾಯಿಗೆ ಹಾಕಿ ಶುದ್ಧ ಮಾಡಿ ಮೊಮ್ಮಗನಿಗೆ ಕೊಟ್ಟರು. ಬಾಯಲ್ಲಿ ಕವಳ ಇತ್ತು. ಮಗುವಿನ ತುಟಿಯೂ ಕೆಂಪಾಯಿತು.

ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಅದು ಶಿಲೀಂಧ್ರದ ಸೋಂಕು. ಮಗುವಿಗೂ ನಿಮ್ಮ ಎದೆಗೂ ಒಟ್ಟಿಗೇ ಔಷಧಿ ಬೇಕಾಗಬಹುದು, ನಿಪ್ಪಲ್ ಹೊಸದು ಬೇಕು.

ಕೊಡುವಾಗಲೇ ಬಿಡಿಸುವ ದಿನವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಕಿವಿ ಸೋಂಕು ಶುರುವಾಗುವ ವಯಸ್ಸು. ಜಾಸ್ತಿ ಚೀಪುವ ಮಕ್ಕಳಲ್ಲಿ ಅದು ಹೆಚ್ಚು. ನಮ್ಮ ಮಳೆಗಾಲದ ಶೀತಕ್ಕೆ, ಒಲೆಯ ಹೊಗೆಗೆ ಇದೂ ಸೇರಿದರೆ ಕಿವಿ ಸೋರುವ ಸಾಧ್ಯತೆ ಇನ್ನೂ ಹೆಚ್ಚು. ಹಾಗಾಗಿ ಆರು ತಿಂಗಳಿಂದ ನಿದ್ದೆಗೆ ಮಾತ್ರ, ವರ್ಷದ ಹೊತ್ತಿಗೆ ಪೂರ್ತಿ ಬಿಡಿಸುವುದು ನಾನು ಹೇಳುವ ಲೆಕ್ಕ. ಕೆಲವರಿಗೆ ಇನ್ನೂ ಆರು ತಿಂಗಳು ಹಿಡಿಯುತ್ತದೆ, ಪರವಾಗಿಲ್ಲ. ಬೇವಿನ ರಸ, ಮೆಣಸಿನ ಪುಡಿ ಹಚ್ಚಿ ಬಿಡಿಸಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದರೆ, ತೂಕ ಚೆನ್ನಾಗಿದ್ದರೆ ಇನ್ನೂ ಹತ್ತು ದಿನ ನಿಪ್ಪಲ್ ಇಲ್ಲದೆ ನೋಡುತ್ತಿದ್ದೆ. ನೀವು ಬರೆದದ್ದನ್ನು ನೋಡಿದರೆ ಇದು ಆರನೇ ವಾರದ ಮಾಮೂಲು ಅಳು ಅನ್ನಿಸುತ್ತದೆ. ಹತ್ತು ದಿನಕ್ಕೂ ನಿಮಗೆ ನಿದ್ದೆಯಿಲ್ಲ, ಕೂತಲ್ಲೇ ಅಳು ಬರುತ್ತಿದೆ ಎಂದಾದರೆ ಸಂಜೆಯ ಒಂದು ಹೊತ್ತಿಗೆ ನಿಪ್ಪಲ್ ಕೊಡಿ, ತಪ್ಪಿತಸ್ಥರ ಹಾಗೆ ಕೊಡಬೇಡಿ. ಎರಡು ವಾರ ಕಳೆದರೂ ನಿಮ್ಮ ಮನಸ್ಸಿನ ಭಾರ ಇಳಿಯದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಬಾಣಂತಿಯರಲ್ಲಿ ಅದು ಅಪರೂಪವಲ್ಲ, ಚಿಕಿತ್ಸೆ ಇದೆ.

ಆದರೆ ಇವು ಕಂಡರೆ ಹತ್ತು ದಿನ ಬೇಡ, ಹತ್ತು ಗಂಟೆಯೂ ಕಾಯಬೇಡಿ: ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಹಸಿರು ವಾಂತಿ ಆದರೆ, ಮಲದಲ್ಲಿ ರಕ್ತ ಕಂಡರೆ, ಎದೆ ಕಚ್ಚದೆ ಮಂಕಾಗಿ ಬಿದ್ದಿದ್ದರೆ, ತೊಡೆಸಂದಿಯಲ್ಲಿ ಗಡ್ಡೆ ಉಬ್ಬಿದ್ದರೆ, ಉಚ್ಚೆ ಕಡಿಮೆಯಾದರೆ.

ಚುಚ್ಚುಮದ್ದು ಹಾಕುವಾಗ ಎದೆಗೆ ಹಾಕಿಕೊಂಡೇ ಇರಿ, ಅಳು ಬೇಗ ನಿಲ್ಲುತ್ತದೆ. ಹೇಗೂ ತೂಗುತ್ತಾರಲ್ಲ, ಆ ಅಂಕಿ ಎಷ್ಟು ಎಂದು ನನಗೂ ಒಂದು ಸಾಲು ಬರೆಯಿರಿ.